ಹನ್ನೆರಡಕ್ಕೆ ಎಳೆದ ಬಾಗಿಲು

ತಂಗಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತದೆ, ಆಮೇಲೆ ಮಾತು ನಿಲ್ಲುತ್ತದೆ, ಕೊನೆಗೆ ಕೈಗೆ ಸಿಕ್ಕಿದ್ದು ಹಾರುತ್ತದೆ. ಆ ಭಾನುವಾರ ಸಂಜೆ ಹಾರಿದ್ದು ಟೀವಿಯ ರಿಮೋಟು. ಗೋಡೆಗೆ ಬಡಿದು ಬಿದ್ದು, ಅದರೊಳಗಿನ ಸೆಲ್ಲುಗಳು ಸೋಫಾದ ಅಡಿಗೆ ಉರುಳಿಹೋದವು. ಟೀವಿಯವನ ದಪ್ಪ ದನಿ ಮಾತ್ರ ನಿಲ್ಲಲಿಲ್ಲ: "ಮುಂದಿನ ತಿಂಗಳು 'ಹಡಗು' ಧಾರಾವಾಹಿಯ ವಿಶೇಷ ಸಂಚಿಕೆ! ಲಕ್ಷಾಂತರ ಓದುಗರು ಮೆಚ್ಚಿದ ನಮ್ಮ ಹದಿನಾಲ್ಕನೇ ಕಾದಂಬರಿ, ಈಗ ನಿಮ್ಮ ಮನೆಯಲ್ಲೇ!"

ಲಕ್ಷಾಂತರವಂತೆ! ಆ ಕಾದಂಬರಿ ಬರೆದವಳು ತಂಗಿಯೇ. ಎಷ್ಟು ಜನ ಓದಿದ್ದಾರೆಂದು ಅವಳಿಗೆ ಗೊತ್ತಿಲ್ಲವೆ? ಬಸ್ ನಿಲ್ದಾಣದ ಅಂಗಡಿಯಲ್ಲಿ ಬಾಚಣಿಗೆಗಳ ಪಕ್ಕ ದಾರಕ್ಕೆ ನೇತುಹಾಕಿದ್ದ ಪುಸ್ತಕ. ಬಸ್ಸು ತಡವಾದವರು ಕೊಂಡು, ಬಸ್ಸು ಬಂದಾಗ ಕಲ್ಲುಬೆಂಚಿನ ಮೇಲೆ ಬಿಟ್ಟುಹೋಗುವಂಥದ್ದು. ಮುಖಪುಟದ ತುಂಬ ಕ್ಯಾಪ್ಟನ್ನನ ಫೋಟೋ, ಅವನ ಬೂಟಿನ ಕೆಳಗೆ ಇರುವೆಸಾಲಿನಷ್ಟು ಸಣ್ಣಕ್ಷರದಲ್ಲಿ ಬರೆದವಳ ಹೆಸರು. ಈಗ ಟೀವಿಯವರು ಆ ಇರುವೆಸಾಲನ್ನೂ ಗುಡಿಸಿಹಾಕಿದ್ದರು. ಕೇಳುವುದಿರಲಿ, ಹೀಗೆ ಮಾಡುತ್ತಿದ್ದೇವೆ ಎಂದು ಒಂದು ಚೂರು ಕಾಗದವನ್ನೂ ಕಳಿಸಿರಲಿಲ್ಲ.

ಹೆಸರು ಹಾಳಾಗಿ ಹೋಗಲಿ. ಅವಳ ಮೈ ಉರಿದದ್ದು ಹೆಸರಿಗಲ್ಲ. ಆ ಪುಸ್ತಕದ ಹತ್ತೊಂಬತ್ತನೇ ಅಧ್ಯಾಯ ಟೀವಿಯಲ್ಲಿ ಬಂದರೆ ಅಕ್ಕನ ಬಾಳು ಬೀದಿಗೆ ಬಂದ ಹಾಗೆ.

ಅಷ್ಟರಲ್ಲಿ ಅಕ್ಕ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಒಳಗೆ ಬಂದಳು. ಮೂಲೆಮನೆಯ ಅಜ್ಜಿಯನ್ನು ಅವಳ ಮನೆಗೆ ಬಿಟ್ಟುಬಂದಿದ್ದಳು. ಪ್ರತಿ ಭಾನುವಾರದ ಪದ್ಧತಿ ಅದು: ಸಂಜೆ ಅಕ್ಕ ಹೋಗಿ ಅಜ್ಜಿಯ ಕೈ ಹಿಡಿದು ಕರೆತರುವುದು, ಮೂವರೂ ಕೂತು 'ಹಡಗು' ನೋಡುವುದು, ಮುಗಿಯುತ್ತಲೇ ಮತ್ತೆ ಕೈ ಹಿಡಿದು ಮೆಟ್ಟಿಲಿಳಿಸುವುದು.

"ಏನೇ ಇದು, ರಿಮೋಟು ಹೀಗೆ ಬಿದ್ದಿದೆ?"

"ಕೈ ಜಾರ್ತು."

"ಗೋಡೆ ತನಕ ಜಾರ್ತಾ?" ಅಕ್ಕ ಮಂಡಿಯೂರಿ ಸೋಫಾದ ಅಡಿಗೆ ಕೈಹಾಕಿದಳು. "ಕೆಳಮನೆಯವಳು ಮೆಟ್ಟಿಲ ಹತ್ರ ಹಿಡ್ಕೊಂಡ್ಲು. ನಿನ್ನ ಪುಸ್ತಕ ಟೀವಿಲಿ ಬರುತ್ತಂತೆ. ಒಳ್ಳೇದಾಯ್ತು ಬಿಡು."

ತಂಗಿಗೆ ಅಳು ಬಂದುಬಿಟ್ಟಿತು. ಪಾಪ, ಅಕ್ಕನಿಗೇನು ಗೊತ್ತು? ಪುಸ್ತಕ ಅಚ್ಚಾಗಿ ಬಂದಾಗ "ಆಕಾಶದ ಕತೆ ನನಗ್ಯಾಕೆ ಬಿಡೇ" ಎಂದು ಅದನ್ನು ಬೀರುವಿನಲ್ಲಿ ಸೀರೆಗಳ ಪಕ್ಕ ಇಟ್ಟವಳು ಅವಳು.

'ಹಡಗು' ಎಂದರೆ ನಕ್ಷತ್ರಗಳ ನಡುವೆ ಓಡುವ ಹಡಗು. ಎಂಟು ವರ್ಷದ ಹಿಂದೆ ಕಂಪನಿಯವರು ಧಾರಾವಾಹಿಯ ಹೆಸರಿನಲ್ಲೇ ಪುಸ್ತಕಗಳನ್ನು ಹೊರಡಿಸತೊಡಗಿದಾಗ, ಪಠ್ಯಪುಸ್ತಕದ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ತಂಗಿಯ ಪಾಲಿಗೆ ಹದಿನಾಲ್ಕನೆಯದು ಬಂದಿತ್ತು. ಐದು ವಾರ, ಇನ್ನೂರು ಪುಟ. ಜೊತೆಗೆ ಒಂದು ನೀಲಿ ಫೈಲು, ಅದರ ತುಂಬ ನಿಯಮ. ಕ್ಯಾಪ್ಟನ್ ಸೀನಕೂಡದು. ಡಾಕ್ಟರಮ್ಮ ಯಾರನ್ನೂ ಪ್ರೀತಿಸಕೂಡದು. ಧಾರಾವಾಹಿಯವರನ್ನು ಎಲ್ಲಿಂದ ಎತ್ತಿಕೊಂಡಿರೋ ಕೊನೆಯ ಪುಟದಲ್ಲಿ ಅಲ್ಲಿಗೇ ತಂದಿಡಬೇಕು, ಪಕ್ಕದ ಮನೆಯ ಪಾತ್ರೆಯನ್ನು ತೊಳೆದು ವಾಪಸು ಕೊಡುವ ಹಾಗೆ. ಎಲ್ಲಕ್ಕಿಂತ ದೊಡ್ಡ ನಿಯಮದ ಕೆಳಗೆ ಕೆಂಪು ಗೆರೆ ಎಳೆದಿದ್ದರು: ಹಡಗಿನವರು ಯಾರೂ ತಪ್ಪು ಮಾಡಕೂಡದು. ತಪ್ಪು ಬೇಕೇ ಬೇಕೆಂದರೆ ಹೊಸಬರನ್ನು ತಂದು ಅವರ ಕೈಲಿ ಮಾಡಿಸಿ.

ತಪ್ಪೇ ಮಾಡದವರ ಕತೆಯನ್ನು ಯಾವ ಪುಣ್ಯಾತ್ಮ ಬರೆದಾನು? ಮೂರು ವಾರ ಕ್ಯಾಪ್ಟನ್ನನನ್ನು ಆ ಗ್ರಹದಿಂದ ಈ ಗ್ರಹಕ್ಕೆ ಓಡಾಡಿಸಿದರೂ, ಬೆಟ್ಟ ಅಗೆದವಳಿಗೆ ಇಲಿಯೂ ಸಿಗಲಿಲ್ಲ. ನಾಲ್ಕನೇ ವಾರ ತಂಗಿ ಒಬ್ಬ ಹೊಸ ಹೆಂಗಸನ್ನು ಹಡಗಿಗೆ ಹತ್ತಿಸಿದಳು. ಇಂಧನದ ಕೋಣೆಯ ಬಾಗಿಲು ಕಾಯುವವಳು. ಅವಳ ಕೈಲಿ ಒಂದು ತಪ್ಪು ಮಾಡಿಸಿದಳು. ಆ ತಪ್ಪು ಅಕ್ಕನದು.

ಹತ್ತೊಂಬತ್ತು ವರ್ಷದ ಹಿಂದೆ ಅಕ್ಕ ಬಣ್ಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಬಣ್ಣ ತೆಳುಮಾಡುವ, ಕಿಡಿ ತಾಗಿದರೆ ಭಗ್ಗೆನ್ನುವ ತಿನ್ನರ್ ಡ್ರಮ್ಮುಗಳನ್ನಿಡುವ ಉದ್ದನೆಯ ಕೋಣೆ, ಅದಕ್ಕೆ ಹಳಿಯ ಮೇಲೆ ಜರುಗುವ ಕಬ್ಬಿಣದ ಬಾಗಿಲು. ಬೆಂಕಿ ಕಂಡರೆ ಮೂರು ಸಲ ಗಂಟೆ. ಗಂಟೆ ನಿಂತಮೇಲೆ, ಆ ವಾರ ಬಾಗಿಲ ಪಾಳಿ ಯಾರದೋ ಅವರು ಒಂದರಿಂದ ಇಪ್ಪತ್ತರವರೆಗೆ ಕೂಗಿ ಎಣಿಸಿ, ಬೆಂಕಿ ಆಚೆ ಹಬ್ಬದ ಹಾಗೆ ಬಾಗಿಲು ಎಳೆಯಬೇಕು. ಕೂಗಿ ಎಣಿಸುವುದು ಯಾಕೆಂದರೆ, ಹೊಗೆಯಲ್ಲಿ ಕಣ್ಣು ಕಾಣದವರು ಆ ದನಿ ಹಿಡಿದು ಓಡಿ ಬರಲಿ, ಇನ್ನೆಷ್ಟು ಉಳಿದಿದೆಯೆಂದು ಅವರಿಗೆ ತಿಳಿಯಲಿ ಎಂದು. ಆ ದಿನದ ಪಾಳಿ ಅಕ್ಕನದು. ಒಳಗಿದ್ದ ಐವರಲ್ಲಿ ನಾಲ್ವರು ಹೊರಬಿದ್ದು ಅಂಗಳದ ಆಚೆ ಕೆಮ್ಮುತ್ತಿದ್ದರು. ಬಾರದವನು ಮೂಲೆಮನೆಯ ಅಜ್ಜಿಯ ಒಬ್ಬನೇ ಮಗ.

ವಿಚಾರಣೆಯಲ್ಲಿ ಅಕ್ಕ "ಇಪ್ಪತ್ತು ಎಣಿಸಿದೆ" ಎಂದಳು. ಅವರು ಇಪ್ಪತ್ತೆಂದೇ ಬರೆದುಕೊಂಡರು. ಆರು ವರ್ಷ ಕಳೆದಮೇಲೆ ಒಂದು ಮಧ್ಯಾಹ್ನ, ಒಣಗಿದ ಬಟ್ಟೆ ಮಡಚುತ್ತ, ತಲೆ ಎತ್ತದೆ ತಂಗಿಗೆ ಹೇಳಿದಳು: "ಹನ್ನೆರಡು ಅಂದೆ ಕಣೇ. ಉರಿ ಮುಖಕ್ಕೆ ಬಡೀತು. ಕೈ ತಾನಾಗೇ ಎಳೀತು. ಅವನು ಓಡಿ ಬರ್ತಾ ಇದ್ದ, ಹೆಜ್ಜೆ ಸದ್ದು ಕೇಳಿಸ್ತಾ ಇತ್ತು ನನಗೆ. ಅವನ ಲೆಕ್ಕದಲ್ಲಿ ಇನ್ನೂ ಎಂಟು ಬಾಕಿ ಇತ್ತು." ಯಾರಿಗೂ ಹೇಳಬೇಡ ಎಂದು ಅಕ್ಕ ಅನ್ನಲಿಲ್ಲ. ಒಡಹುಟ್ಟಿದವಳಿಗೆ ಹಾಗೆ ಬೇರೆ ಹೇಳಬೇಕೆ?

ಆ ಒಡಹುಟ್ಟಿದವಳು ಅದನ್ನು ಎತ್ತಿ ಪುಸ್ತಕಕ್ಕೆ ಹಾಕಿದ್ದಳು. ಕಾರ್ಖಾನೆಯನ್ನು ಹಡಗು ಮಾಡಿದಳು, ತಿನ್ನರನ್ನು ಇಂಧನ ಮಾಡಿದಳು. ಹನ್ನೆರಡನ್ನು ಬದಲಾಯಿಸಲು ಮಾತ್ರ ಮನಸ್ಸು ಬರಲಿಲ್ಲ, ಆ ಹೆಜ್ಜೆ ಸದ್ದನ್ನು ತೆಗೆಯಲೂ ಬರಲಿಲ್ಲ. ಇನ್ನೂರು ಪುಟಗಳಲ್ಲಿ ಜೀವ ಇದ್ದದ್ದು ಅಲ್ಲೊಂದೇ ಕಡೆ, ಅದು ಅವಳಿಗೆ ಗೊತ್ತಿತ್ತು. ಬಸ್ ನಿಲ್ದಾಣದ ಪುಸ್ತಕ ಯಾರು ಓದುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹಸ್ತಪ್ರತಿ ಕಳಿಸಿಬಿಟ್ಟಳು.

ಈಗ ಓದುವ ಮಾತೇ ಇಲ್ಲ, ಇಡೀ ಬೀದಿ ನೋಡುತ್ತದೆ. ಅಜ್ಜಿ ಇದೇ ಸೋಫಾದ ಮೇಲೆ ಅಕ್ಕನ ಪಕ್ಕ ಕೂತು ನೋಡುತ್ತಾಳೆ. ಕಬ್ಬಿಣದ ಬಾಗಿಲು, ಕೂಗಿ ಎಣಿಸುವ ಹೆಂಗಸು, ಓಡಿ ಬರುವ ಹೆಜ್ಜೆ. ಮಗನನ್ನು ಹಾಗೆ ಕಳೆದುಕೊಂಡ ತಾಯಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕೆ? ಅಕ್ಕ ಅಷ್ಟು ವರ್ಷದಿಂದ ಅಜ್ಜಿಯ ಮಂಡಿಗೆ ಎಣ್ಣೆ ತಿಕ್ಕಿದ್ದಳು, ಬುಧವಾರ ಬುಧವಾರ ಆಸ್ಪತ್ರೆಗೆ ಕರೆದೊಯ್ದಿದ್ದಳು, ಗುಂಡಿ ದಾರ ಮಾರುವ ಅಂಗಡಿಯಲ್ಲಿ ದಿನವಿಡೀ ನಿಂತು ಬಂದು ಅವಳ ಮನೆಗೆ ತರಕಾರಿ ಹೊತ್ತಿದ್ದಳು. ಮದುವೆ, ಮಕ್ಕಳು, ಏನೂ ಬೇಡವೆಂದು ಆ ಮುದುಕಿಯೊಬ್ಬಳನ್ನೇ ಹಿಡಿದುಕೊಂಡು ಬದುಕಿದ್ದಳು. ಅಜ್ಜಿ ಬಾ ಎನ್ನುವುದನ್ನು ನಿಲ್ಲಿಸಿದ ದಿನ ಅಕ್ಕ ಉಳಿಯುವುದಿಲ್ಲ ಎಂದು ತಂಗಿಗೆ ಖಂಡಿತವಾಗಿತ್ತು.

ಮರುದಿನವೇ ರಜೆ ಹಾಕಿ ಸ್ಟುಡಿಯೋಗೆ ಹೋದಳು. ಗೇಟಿನವನು ಅಡ್ಡ ನಿಂತ.

"ಯಾರು ಬೇಕಿತ್ತು?"

"ಹಡಗಿನ ಕತೆ ಬರೆಯೋರು."

"ಹೇಳಿಟ್ಟಿದೀರಾ ಅವರಿಗೆ?"

"ಆ ಕತೆ ಬರೆದೋಳೇ ನಾನು ಕಣಪ್ಪ!"

"ಎಲ್ಲರೂ ಹಾಗೇ ಹೇಳ್ತಾರೆ ಮೇಡಂ. ಕ್ಯಾಪ್ಟನ್ನನ ಹೆಂಡತಿ ಅಂತ್ಲೇ ಈ ತಿಂಗಳು ಮೂರು ಜನ ಬಂದ್ರು."

ಎರಡು ಗಂಟೆ ಪ್ಲಾಸ್ಟಿಕ್ ಕುರ್ಚಿ. ಎದುರಿಗೇ ಇಬ್ಬರು ಕೆಲಸದವರು ಹಡಗಿನ ಬಾಗಿಲೊಂದನ್ನು ಮಾತಾಡಿಕೊಂಡು, ನಗಾಡಿಕೊಂಡು ಹೊತ್ತೊಯ್ದರು. ಪ್ಲೈವುಡ್ಡು, ಮೇಲೆ ಬೆಳ್ಳಿ ಬಣ್ಣ. ಅಕ್ಕ ಎಳೆದ ಬಾಗಿಲ ಹಿಡಿಕೆ ಕಾದಿತ್ತು, ಅಂಗೈ ಚರ್ಮ ಅದಕ್ಕೇ ಅಂಟಿ ಕಿತ್ತುಬಂದಿತ್ತು. ತಂಗಿಯ ಕಿವಿ ಮತ್ತೆ ಬಿಸಿಯಾಯಿತು.

ಮುಖ್ಯ ಬರಹಗಾರನನ್ನು ಅಲ್ಲಿ ಎಲ್ಲರೂ 'ಕತ್ತರಿ ಸಾರ್' ಎನ್ನುತ್ತಿದ್ದರು. ಬೇರೆಯವರು ಬರೆದದ್ದನ್ನು ಕತ್ತರಿಸುವುದೇ ಅವನ ಕೆಲಸ. ರಾಕ್ಷಸನನ್ನು ಎದುರುನೋಡಿ ಹೋದವಳಿಗೆ ಸಿಕ್ಕಿದ್ದು, ಸೊಂಟಕ್ಕೆ ನೋವಿನ ಪಟ್ಟಿ ಬಿಗಿದುಕೊಂಡು, ಹಣೆಯ ಮೇಲಿದ್ದ ಕನ್ನಡಕವನ್ನು ಮೇಜಿನ ಮೇಲೆ ಹುಡುಕುತ್ತಿದ್ದ ಒಬ್ಬ ಸಾಧಾರಣ ಮನುಷ್ಯ. ಗೋಡೆಯ ತುಂಬ ಪಿನ್ನು ಚುಚ್ಚಿದ ಚೀಟಿಗಳು. ಮೇಜಿನ ಮೇಲೆ ಅವಳ ಪುಸ್ತಕ, ಪುಟಪುಟಕ್ಕೂ ಹಳದಿ ಕಾಗದ ಅಂಟಿಸಿತ್ತು.

"ಬನ್ನಿ ಬನ್ನಿ. ಹದಿನಾಲ್ಕನೇ ಪುಸ್ತಕದೋರು ನೀವೇನಾ? ಮೂರು ಸಲ ಓದಿದೀನಿ ಮೇಡಂ. ಆ ಹತ್ತೊಂಬತ್ತನೇ ಅಧ್ಯಾಯಕ್ಕೋಸ್ಕರಾನೇ ಇದನ್ನ ಎತ್ಕೊಂಡಿದ್ದು."

"ಅದನ್ನ ತೆಗೀಬೇಕು. ಅದಕ್ಕೇ ಬಂದಿದೀನಿ."

"ತಮಾಷೆ ಮಾಡ್ತಿದೀರಾ?"

"ನನ್ನ ಮುಖ ನೋಡಿದ್ರೆ ತಮಾಷೆ ಥರ ಕಾಣುತ್ತಾ?"

ಅವನು ನೋಡಿದ. ಕಾಣಲಿಲ್ಲ. "ಅದನ್ನ ತೆಗೆದ್ರೆ ಉಳಿಯೋದೇನು? ಕ್ಯಾಪ್ಟನ್ನು ಗ್ರಹದಿಂದ ಗ್ರಹಕ್ಕೆ ಓಡೋದು. ಅದನ್ನ ನಾನೇ ವಾರವಾರ ಬರೀತಾ ಇದೀನಲ್ಲ."

"ಹಾಗಾದ್ರೆ ಅವಳು ಹನ್ನೆರಡಕ್ಕೆ ಬಾಗಿಲು ಎಳೆಯೋದು ಬೇಡ. ಇಪ್ಪತ್ತು ಎಣಿಸ್ಲಿ."

"ಯಾಕೆ?"

ಯಾಕೆ ಎಂದರೆ ಏನು ಹೇಳುವುದು? ಹೇಳಿದರೆ ಅಕ್ಕನ ಗುಟ್ಟು ಈ ಅಪರಿಚಿತನ ಪಾಲು, ಹೇಳದಿದ್ದರೆ ಊರಿನ ಪಾಲು. ಅತ್ತ ದರಿ, ಇತ್ತ ಪುಲಿ. "ಅದು ಚೆನ್ನಾಗಿಲ್ಲ. ಅವಸರದಲ್ಲಿ ಬರೆದೆ. ನಂಬೋ ಹಾಗಿಲ್ಲ," ಎಂದು ಬಾಯಿಗೆ ಬಂದದ್ದನ್ನು ಹೇಳಿದಳು.

"ನಂಬೋ ಹಾಗಿಲ್ವಾ? ಇಪ್ಪತ್ತೈದು ವರ್ಷದಿಂದ ಸುಳ್ಳು ಬರೆಯೋದೇ ನನ್ನ ಕಸುಬು ಮೇಡಂ. ಇಂಥದನ್ನ ಕೂತು ಕಟ್ಟೋಕಾಗಲ್ಲ, ಎಲ್ಲಿಂದಲೋ ತಂದಿರ್ತಾರೆ. ಎಲ್ಲಿಂದ ತಂದ್ರಿ?"

ಅವನು ಕೇಳಿದ್ದು ಮೆಚ್ಚುಗೆಯಿಂದಲೇ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ತಂಗಿ ಕುರ್ಚಿ ತಳ್ಳಿ ಎದ್ದುನಿಂತಳು.

"ಎಲ್ಲಿಂದ ತಂದ್ರೆ ನಿಮಗೇನ್ರೀ? ಅವಳು ಬದುಕಿದಾಳೆ! ನಿಮ್ಮ ಹಾಳು ಹಡಗನ್ನ ವಾರ ತಪ್ಪದೆ ನೋಡ್ತಾಳೆ! ಸತ್ತೋನ ತಾಯಿನ ಪಕ್ಕದಲ್ಲೇ ಕೂರಿಸ್ಕೊಂಡು ನೋಡ್ತಾಳೆ!"

ಕತ್ತರಿ ಸಾರ್ ಹಣೆಯ ಮೇಲಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಪುಸ್ತಕ ಬರೆಯೋವಾಗ ಅವರನ್ನ ಕೇಳಿದ್ರಾ?"

ತಂಗಿ ಮೇಜಿನ ಮೇಲಿದ್ದ ತನ್ನ ಪುಸ್ತಕವನ್ನು ಬೋರಲು ಹಾಕಿದಳು.

"ಸರಿ. ಇಪ್ಪತ್ತು ಮಾಡ್ತೀನಿ," ಎಂದ. "ಆದ್ರೆ ಒಂದು ವಿಷಯ. ಇಪ್ಪತ್ತು ಎಣಿಸಿದ್ಮೇಲೂ ಅವನು ಹೊರಗೆ ಬರಲಿಲ್ಲ ಅಂದ್ರೆ, ಯಾಕೆ ಬರಲಿಲ್ಲ ಅಂತ ನೋಡೋರು ಕೇಳೇ ಕೇಳ್ತಾರೆ. ತಪ್ಪು ಅನ್ನೋದು ಎಲ್ಲಾದ್ರೂ ಕೂರಬೇಕಲ್ಲ. ಇವಳ ಹೆಗಲಿಂದ ಇಳಿಸಿದ್ರೆ ಇನ್ನೊಬ್ಬರ ಹೆಗಲಿಗೆ ಏರುತ್ತೆ."

"ಯಾರ ಹೆಗಲಿಗಾದ್ರೂ ಏರಿಸ್ಕೊಳ್ಳಿ. ಅವಳು ಇಪ್ಪತ್ತು ಎಣಿಸ್ಬೇಕು, ಅಷ್ಟೇ."

ಗೆದ್ದೆ ಎಂದುಕೊಂಡು ಬಸ್ಸು ಹತ್ತಿದಳು. ಕಿಟಕಿ ಪಕ್ಕ ಸೀಟು ಸಿಕ್ಕಿತು, ಗಾಳಿಗೆ ಮುಖ ಕೊಟ್ಟು ಕೂತಳು, ಎಷ್ಟೋ ದಿನಕ್ಕೆ ನಗುವೂ ಬಂತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿ ಬಂದವರಿಗೂ ಮೊದಲ ದಿನ ಇಷ್ಟೇ ಹೆಮ್ಮೆ ಇರುತ್ತದೆ.

ವಿಶೇಷ ಸಂಚಿಕೆಯ ಭಾನುವಾರ ಬಂತು. ಅಕ್ಕ ಬೆಳಿಗ್ಗೆಯಿಂದ ಒಂದು ಕಡೆ ನಿಲ್ಲಲಿಲ್ಲ. ಒರೆಸಿದ ಟೀವಿಯನ್ನೇ ಮತ್ತೆ ಒರೆಸಿದಳು. ಎಂದಿಗಿಂತ ಅರ್ಧ ಗಂಟೆ ಮುಂಚೆ ಹೋಗಿ ಅಜ್ಜಿಯನ್ನು ಕರೆತಂದು, ಬೆನ್ನಿಗೆ ದಿಂಬು ಕೊಟ್ಟು, ಪಕ್ಕದಲ್ಲಿ ಕೂತು ಅವಳ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡಳು. ಕೆಳಮನೆಯವಳೂ ಬಂದಳು. "ನಮ್ಮ ಬಿಲ್ಡಿಂಗಿನ ಬರಹಗಾರ್ತಿ, ಇವಳ ಮನೇಲೇ ಕೂತು ನೋಡ್ಬೇಕು ನಾನು," ಎಂದು ಕುರ್ಚಿಯನ್ನು ಟೀವಿಯ ಮೂತಿಗೇ ಎಳೆದುಕೊಂಡಳು. ತಂಗಿ ಬಾಗಿಲ ಹತ್ತಿರ ಗೋಡೆಗೊರಗಿ ನಿಂತಳು. ಮುಕ್ಕಾಲು ಗಂಟೆ ಕ್ಯಾಪ್ಟನ್ ಓಡಾಡಿದ. ಆಮೇಲೆ ಹೊಗೆ ಬಂತು.

ಬಾಗಿಲು ಕಾಯುವವಳು ತುಟಿಗೆ ಬಣ್ಣ ಹಚ್ಚಿದ್ದ ಚೆಂದದ ಹುಡುಗಿ. ಒಂದು, ಎರಡು ಎಂದು ಕೂಗತೊಡಗಿದಳು. ಒಳಗಿನವನನ್ನು ತೋರಿಸಿದರು. ಒಂದು ಕಿವಿಗೆ ಹಾಡು ಸಿಕ್ಕಿಸಿಕೊಂಡು, ಕಾಲ ಮೇಲೆ ಕಾಲು ಹಾಕಿ, ಡ್ರಮ್ಮಿಗೆ ಒರಗಿ ಕೂತಿದ್ದ ದಡಿಯ. ಹುಡುಗಿ ಹನ್ನೆರಡು ಎಂದಳು. ನಿಲ್ಲಿಸಲಿಲ್ಲ, ಹದಿಮೂರು ಎಂದಳು. ತಂಗಿಗೆ ಹೋದ ಜೀವ ಬಂದ ಹಾಗಾಯಿತು. ಹದಿನೈದಕ್ಕೆ ದಡಿಯ ಆಕಳಿಸಿ, "ಇನ್ನೂ ಐದು ಇದೆಯಲ್ಲ ಮಾರಾಯ್ತಿ!" ಎಂದ. ಹದಿನೆಂಟಕ್ಕೆ ಏಳಲು ಹೋಗಿ ಮುಗ್ಗರಿಸಿದ. ಇಪ್ಪತ್ತಕ್ಕೆ ಹುಡುಗಿ ಅಳುತ್ತ ಬಾಗಿಲೆಳೆದಳು. ಕ್ಯಾಪ್ಟನ್ ಬಂದು ಅವಳ ತಲೆ ಸವರಿ, "ನಿನ್ನದೇನೂ ತಪ್ಪಿಲ್ಲ. ನೀನು ನಿಯಮ ಪಾಲಿಸಿದೆ. ಅವನ ಉದಾಸೀನವೇ ಅವನನ್ನು ತಿಂದಿತು," ಎಂದ. ಹಿಂದೆ ಪಿಟೀಲು.

"ಸರಿಯಾಗೇ ಆಯ್ತು ಬಿಡಿ," ಕೆಳಮನೆಯವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಂಥ ಸೋಮಾರಿ ಸತ್ತರೆ ಯಾರೇನು ಮಾಡೋಕಾಗುತ್ತೆ? ಪಾಪ, ಆ ಹುಡುಗಿಗೆ ಸುಮ್ಮನೆ ಸಂಕಟ."

ತಂಗಿ ಅಕ್ಕನ ಮುಖದಲ್ಲಿ ನೆಮ್ಮದಿ ಹುಡುಕಿದಳು. ಅಕ್ಕನ ಮುಖ ಸುಣ್ಣದ ಹಾಗಾಗಿತ್ತು. ಅವಳ ಕೈಯಿಂದ ಅಜ್ಜಿ ತನ್ನ ಕೈ ಬಿಡಿಸಿಕೊಂಡಿದ್ದಳು.

"ಆರಿಸೇ ಅದನ್ನ," ಎಂದಳು ಅಜ್ಜಿ.

ತಂಗಿ ಆರಿಸಿದಳು.

"ಪುಸ್ತಕದಲ್ಲಿ ಹೀಗಿರಲಿಲ್ಲ."

"ನೀವು... ಓದಿದೀರಾ ಅಜ್ಜಿ?"

"ಭೂತಗನ್ನಡಿ ಹಿಡ್ಕೊಂಡು ನಾಲ್ಕು ದಿನ ಓದಿದೆ. ನಿನ್ನ ಕ್ಯಾಪ್ಟನ್ನು ಗೀಪ್ಟನ್ನು ನನಗೊಂದೂ ಅರ್ಥ ಆಗಲಿಲ್ಲ. ಆ ಒಂದು ಅಧ್ಯಾಯ ಅರ್ಥ ಆಯ್ತು. ನಿಮ್ಮಕ್ಕಾನೇ ತಂದುಕೊಟ್ಟಿದ್ದು. ಹಾಳೆ ಮಡಚಿ ನನ್ನ ತೊಡೆ ಮೇಲಿಟ್ಟು, ಇದನ್ನ ಓದಿ ಅಂದ್ಲು. ಹಿಂದೆ ತಿರುಗಿ ನೋಡದೆ ಹೋದ್ಲು."

ತಂಗಿ ಅಕ್ಕನ ಕಡೆ ತಿರುಗಿದಳು. ಅಕ್ಕ ಅವಳ ಕಡೆ ನೋಡಲಿಲ್ಲ, ಆರಿಸಿದ ಟೀವಿಯನ್ನು ನೋಡುತ್ತಲೇ ಮಾತಾಡಿದಳು. "ಹನ್ನೊಂದು ವರ್ಷ ಇವರ ಹೊಸ್ತಿಲಿಗೆ ಹೋಗಿ ನಿಂತು, ಬಾಯಿ ಬರದೆ ತರಕಾರಿ ಕೊಟ್ಟು ಬಂದಿದೀನಿ. ಆಮೇಲೆ ನಿನ್ನ ಪುಸ್ತಕ ಓದಿದೆ. ಓದಿದ ದಿನ ನಿನ್ನ ಕತ್ತು ಹಿಸುಕಿಬಿಡೋಣ ಅನ್ನಿಸ್ತು. ಒಂದು ವಾರ ಆದ್ಮೇಲೆ ಅನ್ನಿಸ್ತು, ನನ್ನ ಬಾಯಿಂದಂತೂ ಇದು ಬರೋದಿಲ್ಲ, ಅಚ್ಚಲ್ಲಿ ಬಂದಿದೆಯಲ್ಲ, ಅದನ್ನೇ ಕೊಡೋಣ ಅಂತ."

"ಒಂದು ತಿಂಗಳು ನಾನು ಬಾಗಿಲು ತೆಗೀಲಿಲ್ಲ," ಎಂದಳು ಅಜ್ಜಿ. "ಒಳಗೆ ಕೂತು ಇವಳಿಗೆ ಶಾಪ ಹಾಕ್ದೆ. ಹಾಕಿ ಹಾಕಿ ಸುಸ್ತಾಯ್ತು. ಆಗ ಹೊಳೀತು ನೋಡು. ನನ್ನ ಮಗ ಓಡಿ ಬರ್ತಾ ಇದ್ದ! ಕಾರ್ಖಾನೆಯೋರು ನನಗೊಂದು ಕಾಗದ ಕೊಟ್ಟಿದ್ರು, ಅದರಲ್ಲಿ 'ಕಾರ್ಮಿಕನ ಉದಾಸೀನ' ಅಂತ ಬರೆದಿದೆ. ಹನ್ನೊಂದು ವರ್ಷ ಅದನ್ನ ನಂಬಿದ್ದೆ ನಾನು. ಹೆತ್ತ ಮಗನ್ನ ದಿನಾ ಬೈಕೊಳ್ತಿದ್ದೆ, ಎದ್ದು ಬರೋಕೆ ಏನಾಗಿತ್ತೋ ದಡ್ಡ ಮುಂಡೇದೇ ಅಂತ. ಅವನು ಓಡಿ ಬರ್ತಾ ಇದ್ದ ಅಂತ ನನಗೆ ಹೇಳಿದ್ದು ನಿನ್ನ ಪುಸ್ತಕ ಒಂದೇ. ಅದನ್ನ ತಿಳ್ಕೊಂಡ ಮೇಲೆ ಬಾಗಿಲು ತೆಗೆದೆ. ಇವಳನ್ನ ಒಳಗೆ ಕರೆದೆ." ಅಜ್ಜಿ ಟೀವಿಯತ್ತ ಕೈ ತೋರಿಸಿದಳು. "ಇವತ್ತು ಊರಿಗೆಲ್ಲ ತೋರಿಸಿದ್ರಲ್ಲೇ, ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿದ್ದ ಅಂತ! ಆಕಳಿಸ್ತಾ ಇದ್ದ ಅಂತ!"

"ಅವರು ಮಾಡಿದ್ದು ಅಜ್ಜಿ, ಆ ಕತ್ತರಿ..."

"ಇಪ್ಪತ್ತು ಅಂತ ಯಾಕೆ ಮಾಡಿದ್ರು?" ಅಕ್ಕ ಈಗ ತಂಗಿಯತ್ತ ತಿರುಗಿದಳು. "ಪುಸ್ತಕದಲ್ಲಿ ಇದ್ದದ್ದನ್ನ ಅವರು ಯಾಕೆ ಮುಟ್ಟಿದ್ರು?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. "ನಾನೇ ಹೋಗಿ ಹೇಳ್ದೆ," ಎಂದಳು ತಂಗಿ. "ನಿನಗೋಸ್ಕರ."

"ನನಗೋಸ್ಕರ!"

ಅಕ್ಕ ಎದ್ದುನಿಂತಳು. ತಂಗಿ ಹುಟ್ಟಿದಾಗಿನಿಂದ ಆ ದನಿ ಕೇಳಿರಲಿಲ್ಲ. ಸಿಟ್ಟೆಲ್ಲ ತನ್ನ ಪಾಲಿಗೇ ಬಂದಿದೆ, ಅಕ್ಕನಿಗೆ ದೇವರು ಕೊಟ್ಟೇ ಇಲ್ಲ ಎಂದುಕೊಂಡಿದ್ದಳು ಇಷ್ಟು ದಿನ.

"ವಿಚಾರಣೆಯೋರು ಇಪ್ಪತ್ತು ಅಂತ ಬರ್ಕೊಂಡ್ರು. ಈಗ ಟೀವಿಯೋರೂ ಇಪ್ಪತ್ತು. ಈ ಪ್ರಪಂಚದಲ್ಲಿ ನಿಜ ಇದ್ದಿದ್ದು ಆ ಬಸ್‌ಸ್ಟ್ಯಾಂಡ್ ಪುಸ್ತಕದಲ್ಲಿ ಒಂದೇ ಕಣೇ! ಕದ್ದೋಳೂ ನೀನೇ, ಕದ್ದಿದ್ದನ್ನ ಕೆಡಿಸಿದೋಳೂ ನೀನೇ. ಎರಡು ಸಲಾನೂ, ಒಂದೇ ಮನೇಲಿ ಇದ್ಕೊಂಡು, ಒಂದೇ ಪಾತ್ರೇಲಿ ಉಣ್ಕೊಂಡು, ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?"

"ಏನ್ರೇ ಅದು? ಯಾವ ನಿಜ?" ಕೆಳಮನೆಯವಳು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹಾಯಿಸುತ್ತಿದ್ದಳು.

"ಅಕ್ಕ, ಬೇಡ," ಎಂದಳು ತಂಗಿ.

ಅಕ್ಕ ಕೆಳಮನೆಯವಳ ಎದುರಿಗೆ ಹೋಗಿ ನಿಂತಳು. "ಬಣ್ಣದ ಕಾರ್ಖಾನೆ ಬೆಂಕಿ ನೆನಪಿದೆಯಾ? ಅವತ್ತು ಬಾಗಿಲು ಎಳೆದೋಳು ನಾನು. ಇಪ್ಪತ್ತು ಎಣಿಸ್ಬೇಕಿತ್ತು. ಹನ್ನೆರಡಕ್ಕೇ ಎಳೆದೆ. ಒಳಗಿದ್ದೋನು ಇವರ ಮಗ. ಅವನು ಸೋಮಾರಿ ಅಲ್ಲ. ನನ್ನ ದನಿ ನಂಬ್ಕೊಂಡು ಓಡಿ ಬರ್ತಾ ಇದ್ದ. ಹೋಗಿ, ಯಾರಿಗೆ ಬೇಕಾದ್ರೂ ಹೇಳಿ."

ಕೆಳಮನೆಯವಳು "ಅಯ್ಯೋ ದೇವರೇ" ಎಂದು ಎದ್ದು ಹೊರಟಳು. ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು ಅವಸರವಸರವಾಗಿ ಇಳಿದುಹೋಯಿತು. ಎರಡನೇ ಮಹಡಿಯಲ್ಲೇ ಯಾವುದೋ ಮನೆಯ ಕರೆಗಂಟೆ ಕೇಳಿಸಿತು.

"ಬೀದಿಗೆಲ್ಲ ಗೊತ್ತಾಗುತ್ತೆ ಅಕ್ಕ. ನಿನ್ನನ್ನ ಏನೇನು ಅಂತಾರೋ."

"ಅನ್ನಲಿ," ಎಂದಳು ಅಜ್ಜಿ, ಅಕ್ಕನ ಬದಲಿಗೆ. "ನನ್ನ ಮಗನ್ನ ಅನ್ನೋದಕ್ಕಿಂತ ಇವಳನ್ನ ಅನ್ನಲಿ. ಮಾಡಿದೋಳು ಇವಳು." ಹೇಳಿ, ಸೋಫಾದ ಕೈ ಹಿಡಿದು ಏಳಲು ನೋಡಿದಳು. ಮಂಡಿ ಏಳಗೊಡಲಿಲ್ಲ. ಅಕ್ಕ ಹೋಗಿ ತೋಳಿನ ಕೆಳಗೆ ಕೈಕೊಟ್ಟಳು. ಅಜ್ಜಿ ಒಂದು ಗಳಿಗೆ ಹಾಗೇ ಇದ್ದು, ಆ ಕೈಯ ಮೇಲೇ ಭಾರ ಹಾಕಿ ಎದ್ದಳು.

ತಂಗಿ ಇನ್ನೊಂದು ತೋಳು ಹಿಡಿಯಲು ಮುಂದೆ ಬಂದಳು.

"ನೀನು ಇಲ್ಲೇ ಇರು," ಎಂದಳು ಅಕ್ಕ. ದನಿಯಲ್ಲಿ ಈಗ ಕೂಗಿರಲಿಲ್ಲ, ಅಂಗಡಿಯಲ್ಲಿ ಗಿರಾಕಿಗೆ ಈ ಅಳತೆಯ ಗುಂಡಿ ಇಲ್ಲ ಎನ್ನುವಾಗಿನ ದನಿ. "ಇನ್ನು ಮೇಲೆ ನಿನಗೆ ನಾನು ಏನೂ ಹೇಳೋದಿಲ್ಲ."

ಮರುದಿನದಿಂದ ಬೀದಿ ತನ್ನ ಕೆಲಸ ಮಾಡಿತು. ಕೆಲವರು ಗುಂಡಿ ಕೊಳ್ಳಲು ಬೇರೆ ಅಂಗಡಿಗೆ ಹೋದರು. ಕಾರ್ಖಾನೆಯಲ್ಲಿ ಜೊತೆಗಿದ್ದವನೊಬ್ಬ ಅಂಗಡಿಯ ಮುಂದೆಯೇ ನಿಂತು ಬಾಯಿಗೆ ಬಂದಂತೆ ಬೈದುಹೋದ. ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು ಎಂದು ಯಾರೋ ಹೇಳಿ ತಂಗಿಗೆ ಗೊತ್ತಾಯಿತು. ಬುಧವಾರ ಅಕ್ಕ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದಳು, ಅದೂ ಯಾರೋ ಹೇಳಿಯೇ ಗೊತ್ತಾಗಿದ್ದು. ತಂಗಿ ಕಂಪನಿಗೆ ಮೂರು ಕಾಗದ ಬರೆದಳು, ಒಂದಕ್ಕೂ ಉತ್ತರ ಬರಲಿಲ್ಲ. ನಾಲ್ಕನೆಯದನ್ನು ಬರೆದು ಹರಿದುಹಾಕಿದಳು, ಏಕೆಂದರೆ ಬೈಯಬೇಕಾದವಳ ವಿಳಾಸ ಈ ಮನೆಯದೇ ಆಗಿತ್ತು.

ಅಕ್ಕ ಮಾತು ಬಿಟ್ಟಿಲ್ಲ. ಊಟ ಆಯ್ತಾ ಎಂದು ಕೇಳುತ್ತಾಳೆ, ಹಾಲು ಬಂದಿದೆ ಎನ್ನುತ್ತಾಳೆ, ಮಳೆ ಬರೋ ಹಾಗಿದೆ ಬಟ್ಟೆ ತೆಗಿ ಎನ್ನುತ್ತಾಳೆ. ಭಾನುವಾರ ಸಂಜೆ ಅಜ್ಜಿಯ ಮನೆಗೆ ಹೋಗಿ ಕತ್ತಲಾದ ಮೇಲೆ ಬರುತ್ತಾಳೆ. ಅಲ್ಲಿ ಇಬ್ಬರೂ ಅಷ್ಟು ಹೊತ್ತು ಏನು ಮಾತಾಡುತ್ತಾರೋ, ತಂಗಿ ಒಮ್ಮೆ ಕೇಳಿದಳು. ಅಕ್ಕ ಒಣಗಿದ ಬಟ್ಟೆಗಳನ್ನು ಮಂಚದ ಮೇಲೆ ಹರವಿಕೊಂಡು ಕೂತಿದ್ದಳು. "ಏನಿಲ್ಲ," ಎಂದು ಹೇಳಿ ಮಡಚತೊಡಗಿದಳು.